ಮರಳಿ ಬಂದವರ ವಿಶ್ವಾಸ

ಶತಮಾನೋತ್ಸವದ ಸಂದರ್ಭದಲ್ಲಿ ಪೂರ್ವಜರನ್ನು ಸ್ಮರಿಸುವುದು ನಮ್ಮಲ್ಲಿ ರೂಢಿ. ಹಾಗೆ ಸ್ಮರಿಸುವಾಗ ಸಹಜವಾಗಿಯೇ ನಾವು ವೀರರನ್ನು ಅರಸುತ್ತೇವೆ. ವಿಶ್ವಾಸಕ್ಕಾಗಿ ಪ್ರಾಣತೆತ್ತ ರಕ್ತಸಾಕ್ಷಿಗಳ ವಂಶದವರು ತಾವೆಂದು ಹೇಳಿಕೊಳ್ಳಲು ಯಾರಿಗೆ ತಾನೆ ಹಿಗ್ಗಿಲ್ಲ? ಆದರೆ ಕನ್ನಡ ನಾಡಿನ ಕ್ರೈಸ್ತರ ಚರಿತ್ರೆಯಲ್ಲಿ ಈ ಹಿಗ್ಗಿಗೆ ಅಡ್ಡಬರುವ ಒಂದು ತೀರ್ಪು ಇದೆ. ಅದನ್ನು ಬರೆದವರು ನಮ್ಮ ವೈರಿಗಳಲ್ಲ. ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರೇ ಅದರ ಕರ್ತೃ.

ಸಂಗತಿ ಎಲ್ಲರೂ ಬಲ್ಲದ್ದೇ. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾ ಸೀಮೆಯ ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರ ವಿಭೂತಿ ಬುಧವಾರದ ಸುಮಾರಿಗೆ ಅವರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆ 30,000 ಎಂದು ಕೆಲವರು, 80,000 ಎಂದು ಕೆಲವರು ಬರೆದಿದ್ದಾರೆ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೂ ಸೇರಿದಂತೆ ದೇವಾಲಯಗಳು ನೆಲಸಮವಾದವು. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಬಹುಮಂದಿಗೆ ಬಲವಂತವಾಗಿ ಸುನ್ನತಿಯಾಯಿತು, ಹೆಸರು ಬದಲಾಯಿತು. ಕಟ್ಟುಮಸ್ತಾದ ತರುಣರು ಸೈನ್ಯಕ್ಕೆ ಸೇರಿಸಲ್ಪಟ್ಟರು. ಇದು ರಾಜಕಾರಣದ ಕ್ರೌರ್ಯ. ಹೈದರನ ಸೈನ್ಯದಲ್ಲಿ ಕ್ರೈಸ್ತರು ನಂಬಿಕೆಯ ಸ್ಥಾನದಲ್ಲಿದ್ದರೆಂಬುದನ್ನು ಮರೆತು, ಇಂದಿನ ನೆರೆಹೊರೆಯವರ ಮೇಲೆ ಅದರ ಲೆಕ್ಕವನ್ನು ಹೊರಿಸುವವರೊಡನೆ ನಾವು ದನಿಗೂಡಿಸಲಾರೆವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಕರೆಬಂದಾಗ ಅಬ್ಬೆ ದ್ಯುಬುವಾ ಮೈಸೂರು ಸೀಮೆಗೆ ಬಂದರು. ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಈ ಗುರುಗಳು ಈ ನೆಲದ ಉಡುಗೆಯನ್ನೇ ಉಟ್ಟು, ಇಲ್ಲಿಯ ಊಟಕ್ಕೆ ಒಗ್ಗಿಕೊಂಡು, ಯೂರೋಪಿಯನ್ನರ ಸಹವಾಸವನ್ನು ದೂರವಿಟ್ಟು ಬಾಳಿದವರು. ನೆಲೆಯಿಲ್ಲದವರಿಗೆ ಬೇಸಾಯದ ಹಳ್ಳಿಗಳನ್ನು ಕಟ್ಟಿಕೊಟ್ಟರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಪದ್ಧತಿ ಆಗಿನ್ನೂ ಹೊಸದು. ಜನರ ಅಂಜಿಕೆಯನ್ನು ಬಿಡಿಸಿ ಸಾವಿರಾರು ಮಂದಿಗೆ ಅದನ್ನು ಹಾಕಿಸಿದರು. ಸೆರೆಯಿಂದ ಬಿಡುಗಡೆ ಹೊಂದಿ ಬಂದವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಂಡದ್ದು ಇದೇ ಕೈ.

ಆದರೆ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳನ್ನು ಓದಿದಾಗ ನಮ್ಮ ಮನಸ್ಸು ಕುಗ್ಗುತ್ತದೆ. ಈ ನಾಡಿನಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯೇ ಇಲ್ಲವೆಂದು ಅವರು ಅಲ್ಲಿ ಸಾರುತ್ತಾರೆ. ಸೆರೆಯಾದ ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸವನ್ನು ಧೈರ್ಯದಿಂದ ಒಪ್ಪಿಕೊಂಡು ರಕ್ತಸಾಕ್ಷಿಯಾದವನು ಒಬ್ಬನೂ ಇರಲಿಲ್ಲ, ಎಲ್ಲರೂ ಒಟ್ಟಾಗಿ ಧರ್ಮಭ್ರಷ್ಟರಾದರು ಎಂಬುದು ಅವರ ದೂರು.

ಈ ಮಾತನ್ನು ಹೇಗೆ ಸ್ವೀಕರಿಸಬೇಕು? ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿ, 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಗುರುಗಳು ನೂರಾರು ಸಂಖ್ಯೆಯಲ್ಲಿ ಕೊಲೆಯಾದ ಆ ವರ್ಷವೇ ತರುಣ ದ್ಯುಬುವಾ ಭಾರತದ ಕಡೆಗೆ ಹೊರಟಿದ್ದರು. ಕುಹಕಕ್ಕಾಗಿ ಇದನ್ನು ಹೇಳುತ್ತಿಲ್ಲ. ತೀರ್ಪು ಕೊಟ್ಟವರು ಅಂಥ ಪರೀಕ್ಷೆಗೆ ನಿಂತವರಲ್ಲ ಎಂಬುದಷ್ಟೇ ನಮ್ಮ ಮಾತು. ನಾವೂ ನಿಂತವರಲ್ಲ.

ಧರ್ಮಸಭೆ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತ್ತು. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸನು ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪತ್ರ ಪಡೆಯಬೇಕೆಂದು ಆಜ್ಞಾಪಿಸಿದಾಗ ಕಾರ್ಥೇಜ್ ನಗರದ ಕ್ರೈಸ್ತರು ಗುಂಪುಗುಂಪಾಗಿ ಮಣಿದರು. ಹಿಂಸೆ ತಣಿದ ಮೇಲೆ ಅವರೇ ಅಳುತ್ತಾ ದೇವಾಲಯದ ಬಾಗಿಲಿಗೆ ಬಂದರು. ರೋಮಿನ ನೊವೇಷಿಯನ್ ಎಂಬಾತನು ಅಂಥವರಿಗೆ ಪ್ರವೇಶವೇ ಕೂಡದೆಂದು ಹಟಹಿಡಿದು ಸಭೆಯನ್ನೇ ಒಡೆದನು. ಧರ್ಮಾಧ್ಯಕ್ಷ ಸಿಪ್ರಿಯಾನರೂ ಅವರ ಜೊತೆಯವರೂ 251ರಲ್ಲಿ ಸೇರಿ, ಪಶ್ಚಾತ್ತಾಪದ ತಪಸ್ಸನ್ನು ಪೂರೈಸಿದವರಿಗೆ ಬಾಗಿಲು ತೆರೆಯಬೇಕೆಂದು ನಿರ್ಧರಿಸಿದರು. ಹಿಂಸೆಯ ಕಾಲದಲ್ಲಿ ಸಿಪ್ರಿಯಾನರೂ ತಲೆಮರೆಸಿಕೊಂಡಿದ್ದವರೇ. 258ರಲ್ಲಿ ಶಿರಚ್ಛೇದಕ್ಕೆ ತಲೆಯೊಡ್ಡಿದವರೂ ಅವರೇ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಕುರಿಗಳನ್ನು ಒಪ್ಪಿಸಿದ ಪ್ರಭುವಿನ ಧರ್ಮಸಭೆ ಬೇರೆ ಏನನ್ನು ತಾನೆ ನಿರ್ಧರಿಸೀತು?

ದೊಡ್ಡ ಸ್ವಾಮಿಯವರ ಲೆಕ್ಕದಲ್ಲಿ ರಕ್ತಸಾಕ್ಷಿ ಮತ್ತು ಭ್ರಷ್ಟ ಎಂಬ ಎರಡೇ ಅಂಕಣಗಳಿದ್ದವು. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬದುಕಿ, ಕೋಟೆ ಬಿದ್ದೊಡನೆ ಗಂಟುಮೂಟೆ ಕಟ್ಟಿ ಘಟ್ಟ ಇಳಿದವನನ್ನು ಅವರು ಯಾವ ಅಂಕಣದಲ್ಲಿ ಬರೆದುಕೊಂಡಾರು? ಅವನು ಊರಿಗೆ ಬಂದಾಗ ಅವನ ಗದ್ದೆಯನ್ನು ಬೇರೊಬ್ಬರು ಉಳುತ್ತಿದ್ದರು, ಅವನ ಇಗರ್ಜಿ ನೆಲಸಮವಾಗಿತ್ತು. ಇದ್ದಲ್ಲಿಯೇ ಹೊಸ ಹೆಸರಿನಲ್ಲಿ ಉಳಿದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಕ್ರೈಸ್ತನೆನಿಸಿಕೊಳ್ಳುವುದರಿಂದ ಅವನಿಗೆ ದಕ್ಕುವ ಲಾಭವೂ ಹೆಚ್ಚೇನಿರಲಿಲ್ಲ. ಆದರೂ ಅವನು ಬಂದನು. ಕತ್ತಿಯ ಎದುರಿನಲ್ಲಿ ಒಂದು ಕ್ಷಣ ಬಾಯಿಬಿಟ್ಟು ನುಡಿಯಲಾರದೆ ಹೋದದ್ದನ್ನು ಉಳಿದ ಆಯುಷ್ಯವೆಲ್ಲ ಉತ್ತು, ಬಿತ್ತು, ಮಕ್ಕಳಿಗೆ ಜಪ ಕಲಿಸಿ ನುಡಿದನು. ಇಂಥ ಸಾವಿರಾರು ಮಂದಿ ದಕ್ಷಿಣ ಕನ್ನಡಕ್ಕೆ ಮರಳಿದರು. ಅದಕ್ಕೂ ಮೊದಲೇ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ 1792ರಲ್ಲಿ ಅವರಿಗಾಗಿಯೇ ಎದ್ದಿತು.

ನಾವು ಯಾರು ಎಂದು ಕೇಳಿದವರಿಗೆ ಈ ಮರಳಿ ಬಂದವರನ್ನು ತೋರಿಸಲು ನಮಗೆ ಸಂಕೋಚವಿಲ್ಲ. ನಮ್ಮ ನಡುವೆ ಇಂದಿಗೂ ಒಂದು ಮನೆಯವರು ಹತ್ತು ವರ್ಷ ಪೂಜೆಗೆ ಬಾರದೆ, ಆಮೇಲೆ ಒಂದು ಭಾನುವಾರ ಕೊನೆಯ ಸಾಲಿನಲ್ಲಿ ಬಂದು ನಿಂತರೆ ಮುಂದಿನ ಸಾಲಿನವರ ಕತ್ತು ತಿರುಗುತ್ತದೆ, ಪಿಸುಮಾತು ಏಳುತ್ತದೆ. ಆ ಕತ್ತುಗಳ ಮೇಲಿರುವುದು ನೊವೇಷಿಯನ್ನನ ತಲೆ.

ಅಬ್ಬೆ ದ್ಯುಬುವಾ 1823ರ ಜನವರಿಯಲ್ಲಿ ಸ್ವದೇಶಕ್ಕೆ ಹೊರಟರು. ಮತ್ತೆ ಬರಲಿಲ್ಲ, 1848ರಲ್ಲಿ ತೀರಿಕೊಂಡರು. ಅವರು ನೆಲೆಗೊಳಿಸಿದ್ದ ಜನ ಹೊಲಗಳಲ್ಲಿಯೇ ಉಳಿದು, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸುತ್ತಾ ಬಾಳಿದರು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1850ರಲ್ಲಿ, ಆಸೆಯೇ ಇಲ್ಲವೆಂದು ಅವರು ಬರೆದಿದ್ದ ಈ ಮೈಸೂರು ಸೀಮೆ ತನ್ನದೇ ಆದ ವಿಕಾರಿಯೇಟ್ ಆಯಿತು.