ಘಟಪ್ರಭಾ ಸೀಮೆಯ ದೇಸಗತಿಗಳು

ಬೆಳಗಾವಿ ಸೀಮೆಯ ದೇಸಗತಿಗಳ ಬೇರು ಇರುವುದು ಕಂದಾಯ ವಸೂಲಿಯಲ್ಲಿ. ಆದಿಲ್‌ಶಾಹಿ ಕಾಲದಲ್ಲಿ ಪರಗಣೆಯ ಹಳ್ಳಿಗಳಿಂದ ಸಾರಾ ವಸೂಲು ಮಾಡಿಸುವ ಹೊಣೆ ದೇಸಾಯರದು, ಲೆಕ್ಕ ಇಡುವ ಕೆಲಸ ದೇಶಪಾಂಡೆಯರದು. ಸಂಬಳದ ಬದಲು ದೇಸಾಯರಿಗೆ ವಸೂಲಿಯಲ್ಲಿ ಪಾಲು ಸಿಗುತ್ತಿತ್ತು, ಇನಾಮು ಭೂಮಿಯೂ ಸಿಗುತ್ತಿತ್ತು. ಈ ವತನ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಬಿಜಾಪುರದ ಬಾದಶಹರು ಹೋಗಿ ಮೊಗಲರು, ಸವಣೂರ ನವಾಬರು, ಪೇಶ್ವೆಗಳು ಬಂದರೂ ಊರೂರಿನ ಹೊಲದ ಹದ ಬಲ್ಲ ಇವೇ ಮನೆತನಗಳು ಎಲ್ಲರಿಗೂ ಬೇಕಾದವು.

ದೇಸಗತಿಯ ನಡು ವಾಡೆ. ಕುದುರೆ ಸವಾರ ತಲೆ ಬಾಗಿಸದೆ ಒಳಹೋಗುವಷ್ಟು ಎತ್ತರದ ದೊಡ್ಡ ಬಾಗಿಲು, ಒಳಗೆ ಅಂಗಳ, ಸಾಗವಾನಿ ಕಂಬಗಳ ಪಡಸಾಲೆ, ಅದರಲ್ಲಿ ಗಾದಿ ಹಾಸಿ ನಡೆಯುವ ಕಚೇರಿ. ನೆಲದಡಿಯ ಹಗೇವುಗಳಲ್ಲಿ ವರ್ಷದ ಜೋಳ. ಬಟ್ಟೆಯ ಗಂಟು ಕಟ್ಟಿದ ದಫ್ತರದಲ್ಲಿ ಮೋಡಿ ಲಿಪಿಯ ಸನದುಗಳು. ಕೋಟೆಗೋಡೆಗಿಂತ ಈ ಕಾಗದಗಳೇ ಮನೆತನಕ್ಕೆ ಹೆಚ್ಚಿನ ಆಸರೆಯಾಗಿದ್ದವು.

1818ರಲ್ಲಿ ಪೇಶ್ವಾಯಿ ಮುಗಿದು ಇಂಗ್ಲಿಷರು ಬಂದಾಗ ಅದು ಸ್ಪಷ್ಟವಾಯಿತು. ಗಂಡು ಸಂತಾನವಿಲ್ಲದ ಮನೆಯ ದತ್ತಕವನ್ನು ಸರಕಾರ ಒಪ್ಪಬೇಕು, ಒಪ್ಪದಿದ್ದರೆ ಸಂಸ್ಥಾನ ಖಾಲ್ಸಾ. 1824ರಲ್ಲಿ ಕಿತ್ತೂರಿನ ಯುದ್ಧ ಹೊತ್ತಿದ್ದು ಇದೇ ದತ್ತಕದ ತಂಟೆಯಿಂದ. ಮುಂದೆ 1852ರ ಇನಾಮು ಕಮಿಷನ್ನು ಸನದುಗಳನ್ನೆಲ್ಲ ತನಿಖೆಗೆ ಎಳೆಯಿತು. 1860ರ ದಶಕದಲ್ಲಿ ದೇಸಾಯರ ವಸೂಲಿ ಕೆಲಸವನ್ನೇ ತೆಗೆದುಹಾಕಿ, ಜೂಡಿ ಎಂಬ ಕಡಿಮೆ ಕಂದಾಯ ಕಟ್ಟಿಸಿಕೊಂಡು ವತನ ಉಳಿಸಲಾಯಿತು. ದುಡಿಮೆ ಹೋಗಿ ದೌಲತ್ತು ಉಳಿದ ಕಾಲವಿದು.

ಆ ದೌಲತ್ತಿನ ಒಂದು ಪಾಲು ಶಾಲೆ ಕಾಲೇಜುಗಳಿಗೆ ಹೋಯಿತು. ಸವದತ್ತಿ ಕಡೆಯ ಸಿರಸಂಗಿಗೆ ದತ್ತಕ ಬಂದ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ನವಲಗುಂದ-ಸಿರಸಂಗಿ ಟ್ರಸ್ಟು ಹುಟ್ಟಿದ್ದು ಆ ಮೃತ್ಯುಪತ್ರದಿಂದ. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದೇ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರು ಅದೇ ಊರಿನ ವಿಜ್ಞಾನ ಕಾಲೇಜಿಗೂ ಕಾನೂನು ಕಾಲೇಜಿಗೂ ಇದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ನೀರು ಹಿಡಿಯುವ ಅಣೆಕಟ್ಟೆಯೂ ಅವರ ಹೆಸರಿನದೇ.

ದೇಸಾಯರ ಜಮೀನು ಹೋದದ್ದು ಕಂತುಕಂತಾಗಿ: ಮುಂಬಯಿ ಸರಕಾರದ ಕಾಯ್ದೆಯಿಂದ 1951ರಲ್ಲಿ ಪರಗಣಾ ವತನ ರದ್ದಾಯಿತು, 1953ರಲ್ಲಿ ಜಾತ ಇನಾಮು ಹೋಯಿತು, 1974ರ ಭೂಸುಧಾರಣೆಯಲ್ಲಿ ಲಾವಣಿಯ ಹೊಲ ಉಳುವವನ ಪಾಲಾಯಿತು. ಜಮೀನು ಹೋದ ಮೇಲೆ ವಾಡೆಗಳ ನಿಗಾ ಕಷ್ಟವಾಯಿತು. ಸಿರಸಂಗಿಯ ವಾಡೆ ಸ್ಮಾರಕವಾಗಿ ಉಳಿದಿದೆ. ಎಷ್ಟೋ ವಾಡೆಗಳು ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹೋಳಾಗಿ, ಕಂಬ ಬಾಗಿಲುಗಳೂ ಮಾರಾಟವಾಗಿವೆ.