ಮೇಷ್ಟ್ರ ಕೋಣೆಯ ಬಾಗಿಲು

ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯಟ್ ಪಟ್ಟಣ. 1901ರಲ್ಲಿ ಅಲ್ಲಿನ ಆರು ವಿದ್ಯಾರ್ಥಿಗಳು ಪ್ರೌಢಶಾಲೆ ಮುಗಿಸಿದ ಮೇಲೂ ಅದೇ ಕಟ್ಟಡದಲ್ಲಿ ಓದು ಮುಂದುವರಿಸಿದರು. ಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಸೇರಿ ನಡೆಸಿದ ಪ್ರಯೋಗವಿದು. ಕಾಲೇಜಿನ ಮೊದಲೆರಡು ವರ್ಷಗಳ ಪಾಠ ಊರಿನಲ್ಲೇ ಸಿಗಲಿ ಎಂಬುದು ಅವರ ಉದ್ದೇಶ. ಈಗಲೂ ನಡೆಯುತ್ತಿರುವ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಜೋಲಿಯಟ್‌ನದೇ ಅತ್ಯಂತ ಹಳೆಯದು.

ಆರೇ ಮಂದಿ ಇದ್ದಾಗ ಮೇಷ್ಟ್ರ ಪರಿಚಯ ಮಾಡಿಕೊಳ್ಳುವುದು ಒಂದು ಸಮಸ್ಯೆಯೇ ಆಗಿರಲಿಲ್ಲ. ಕಾಲ ಬದಲಾಯಿತು. 1944ರ ಕಾಯ್ದೆಯ ನೆರವಿನಿಂದ ಯುದ್ಧ ಮುಗಿಸಿ ಬಂದ ಸುಮಾರು 22 ಲಕ್ಷ ಸೈನಿಕರು ಕಾಲೇಜು ಮೆಟ್ಟಿಲೇರಿದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು ಇಂಥ ಕಾಲೇಜುಗಳು ದೇಶದೆಲ್ಲೆಡೆ ಹರಡಬೇಕೆಂದಿತು. 'ಕಮ್ಯುನಿಟಿ ಕಾಲೇಜು' ಎಂಬ ಹೆಸರು ಜನಪ್ರಿಯವಾದದ್ದೂ ಆ ವರದಿಯಿಂದಲೇ. 1960ರ ದಶಕದಲ್ಲಿ ನೂರಾರು ಹೊಸ ಕಾಲೇಜುಗಳು ತಲೆಯೆತ್ತಿದವು. ಹಗಲು ದುಡಿದು ಸಂಜೆ ಓದುವವರು, ಮಕ್ಕಳನ್ನು ಸಾಕುತ್ತಿರುವ ತಾಯಂದಿರು, ಹೊಸದಾಗಿ ವಲಸೆ ಬಂದವರು ಅಲ್ಲಿ ಸೇರಿದರು.

ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಸಂಶೋಧನೆ ಮುಖ್ಯ. ಇಲ್ಲಿನ ಅಧ್ಯಾಪಕರಿಗೆ ಪಾಠವೇ ಮುಖ್ಯ. ಪೂರ್ಣಾವಧಿ ಅಧ್ಯಾಪಕರು ಪಾಠದ ಜತೆಗೆ ವಾರಕ್ಕೆ ಕೆಲವು ಗಂಟೆ ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗಾಗಿ ಕಾದಿರಬೇಕು. ಇದಕ್ಕೆ 'ಆಫೀಸ್ ಅವರ್ಸ್' ಎನ್ನುತ್ತಾರೆ. ಆದರೆ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡವರಿಗೆ ಆ ಮಾತಿನ ಅರ್ಥವೇ ಆಗುವುದಿಲ್ಲ. ಅದು ಮೇಷ್ಟ್ರು ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ತೊಂದರೆ ಕೊಡಬಾರದು ಎಂದುಕೊಂಡು ಬಾಗಿಲವರೆಗೆ ಹೋಗಿ ಹಿಂತಿರುಗುವವರುಂಟು.

ಬಾಗಿಲು ತಟ್ಟಿದರೆ ಏನು ಸಿಗುತ್ತದೆ? ಪಾಠದ ಸಂದೇಹವಷ್ಟೇ ಪರಿಹಾರವಾಗುವುದಿಲ್ಲ. ಎರಡು ವರ್ಷದ ನಂತರ ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಶಿಫಾರಸು ಪತ್ರ ಬರೆಯುವವರು ಯಾರು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಹೆಸರೇ ಗೊತ್ತಿಲ್ಲದ ವಿದ್ಯಾರ್ಥಿಗೆ ಯಾವ ಮೇಷ್ಟ್ರು ತಾನೇ ಪತ್ರ ಬರೆದಾರು? 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚಾಬೋ ಕಾಲೇಜಿನಲ್ಲಿ ಓದಿದ ನಟ ಟಾಮ್ ಹ್ಯಾಂಕ್ಸ್, ತಮ್ಮ ಬದುಕಿನ ದಾರಿಗೆ ಆ ಕಾಲೇಜೇ ಕಾರಣವೆಂದು 2015ರಲ್ಲಿ ಪತ್ರಿಕೆಯಲ್ಲಿ ಬರೆದರು. ಅಲ್ಲಿನ ನಾಟಕದ ತರಗತಿಗಾಗಿ ನಾಟಕಗಳನ್ನು ಓದಿ, ರಂಗದ ಮೇಲೆ ನೋಡಿದ್ದನ್ನು ಅವರು ಮರೆತಿರಲಿಲ್ಲ.

ಆದರೆ ತಟ್ಟಲು ಬಾಗಿಲಾದರೂ ಇರಬೇಕಲ್ಲ? ವೆಚ್ಚ ಉಳಿಸಲು ಕಾಲೇಜುಗಳು ಅರೆಕಾಲಿಕರನ್ನು ನೆಚ್ಚಿಕೊಂಡಿವೆ. ಬೋಧಕರಲ್ಲಿ ಅವರ ಪಾಲು ಸುಮಾರು ಮೂರನೇ ಎರಡರಷ್ಟು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಕಾರಿನಲ್ಲಿ ಓಡುವ ಇವರಿಗೆ ಕ್ಯಾಲಿಫೋರ್ನಿಯಾದಲ್ಲಿ 'ಫ್ರೀವೇ ಫ್ಲೈಯರ್ಸ್' ಎಂಬ ಅಡ್ಡಹೆಸರಿದೆ. ಹಲವರಿಗೆ ಸ್ವಂತ ಕೋಣೆಯಿಲ್ಲ. ಮೊಗಸಾಲೆಯ ಬೆಂಚು, ವಾಹನ ನಿಲುಗಡೆಯ ಜಾಗವೇ ಭೇಟಿಯ ತಾಣ.

ಪರಿಚಯದ ಬೆಲೆ ಬಲ್ಲವರು ಇದನ್ನು ಅಳೆಯಲೂ ತೊಡಗಿದ್ದಾರೆ. 2001ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಮೀಕ್ಷೆಯೊಂದು, ತರಗತಿಯ ಹೊರಗೆ ಅಧ್ಯಾಪಕರೊಡನೆ ಎಷ್ಟು ಸಲ ಮಾತಾಡಿದಿರಿ ಎಂದು ವಿದ್ಯಾರ್ಥಿಗಳನ್ನೇ ಕೇಳುತ್ತದೆ. 'ಎಂದೂ ಇಲ್ಲ' ಎನ್ನುವವರ ಸಂಖ್ಯೆ ಸಣ್ಣದಲ್ಲ. ಆರು ಮಂದಿಗೆ ತಾನಾಗಿ ಒದಗಿದ್ದ ಆ ಸಲಿಗೆಯನ್ನು ಲಕ್ಷಾಂತರ ಮಂದಿಗೆ ಒದಗಿಸುವುದು, ನೂರು ವರ್ಷ ದಾಟಿದ ಈ ಕಾಲೇಜುಗಳ ಮುಂದಿರುವ ಕಠಿಣ ಪರೀಕ್ಷೆ.