ರೇಡಿಯೇಟರ್‌ನ ಕಪ್ಪು ನೀರು

ಇಂಗ್ಲೆಂಡಿನ ಮನೆಗಳಲ್ಲಿ ಚಳಿಗಾಲ ಕಾಲಿಡುತ್ತಿದ್ದಂತೆ ಒಂದು ಸಣ್ಣ ಕೆಲಸ ಶುರುವಾಗುತ್ತದೆ. ಗೋಡೆಗೆ ಅಂಟಿಕೊಂಡ ರೇಡಿಯೇಟರ್ ಕೆಳಗೆ ಬಿಸಿಯಾಗಿದ್ದು ಮೇಲೆ ತಣ್ಣಗಿದ್ದರೆ, ಮನೆಯವರು ಪುಟ್ಟ ಕೀಲಿಯೊಂದನ್ನು ತಂದು ಅದರ ಮೂಲೆಯ ತಿರುಪನ್ನು ಸಡಿಲಿಸುತ್ತಾರೆ. ಬುಸ್ಸೆಂದು ಗಾಳಿ ಹೊರಬರುತ್ತದೆ. ಹಿಂದೆಯೇ ನೀರು ಚಿಮ್ಮುತ್ತದೆ. ತಿರುಪು ಬಿಗಿದರೆ ಕೆಲಸ ಮುಗಿಯಿತು. ಆದರೆ ಎಷ್ಟೋ ಮನೆಗಳಲ್ಲಿ ಆ ನೀರು ಮಸಿಯಂತೆ ಕಪ್ಪಗಿರುತ್ತದೆ. ಹೊರಬಂದದ್ದು ಹಲವು ಬಾರಿ ಗಾಳಿಯೂ ಅಲ್ಲ, ಜಲಜನಕ. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. (ಪರೀಕ್ಷೆ ಮಾಡಿ ನೋಡುವಂಥದ್ದಲ್ಲ.) ನಲ್ಲಿಯ ತಿಳಿನೀರನ್ನು ತುಂಬಿ ಮುಚ್ಚಿದ ಕೊಳವೆಯೊಳಗೆ ಮಸಿ ಎಲ್ಲಿಂದ ಬಂತು? ಉರಿಯುವ ಅನಿಲ ಎಲ್ಲಿಂದ ಬಂತು?

ನಮ್ಮ ಬಚ್ಚಲಿನ ಹಂಡೆಗೆ ದಿನವೂ ಹೊಸ ನೀರು. ಕಾಯಿಸಿ, ಮಿಂದು, ಚೆಲ್ಲಿದರೆ ಆಯಿತು. ಶೀತದೇಶಗಳ ಮನೆ ಕಾಯಿಸುವ ವ್ಯವಸ್ಥೆ ಹಾಗಲ್ಲ. ಒಂದು ಬಾಯ್ಲರ್‌ನಲ್ಲಿ ಕಾದ ನೀರು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರ್‌ಗಳನ್ನು ಸುತ್ತಿ, ಶಾಖವನ್ನು ಕೊಟ್ಟು ತಣಿದು, ಮತ್ತೆ ಬಾಯ್ಲರ್‌ಗೇ ಮರಳುತ್ತದೆ. ಅದನ್ನು ಯಾರೂ ಕುಡಿಯುವುದಿಲ್ಲ, ಅದರಲ್ಲಿ ಯಾರೂ ಮೀಯುವುದಿಲ್ಲ. ವರ್ಷಗಟ್ಟಲೆ ಅದೇ ನೀರು, ಅದೇ ದಾರಿ.

ಈ ಉಪಾಯದ ಮೊದಲ ಫಲಾನುಭವಿಗಳಲ್ಲಿ ಕೋಳಿಮರಿಗಳೂ ಸೇರಿವೆ ಎಂಬುದು ತಮಾಷೆಯ ಸಂಗತಿ. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೊನ್‌ಮ್ಯಾಂ ಎಂಬಾತ ಮೊಟ್ಟೆಗಳಿಗೆ ಕಾವು ಕೊಡಲು ಬಿಸಿನೀರಿನ ಕೊಳವೆಗಳನ್ನು ಬಳಸಿದ್ದ. ಮನುಷ್ಯರ ಮನೆಗೆ ಅದನ್ನು ಗಟ್ಟಿಯಾಗಿ ತಂದವರಲ್ಲಿ ಒಬ್ಬ ಆಂಜಿಯರ್ ಮಾರ್ಚ್ ಪರ್ಕಿನ್ಸ್. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈತ 1831ರಲ್ಲಿ ಪೇಟೆಂಟ್ ಪಡೆದ. ಸಪೂರವಾದ, ದಪ್ಪ ಗೋಡೆಯ ಕಬ್ಬಿಣದ ಕೊಳವೆಯೊಳಗೆ ನೀರನ್ನು ಬಂಧಿಸಿ, ಭಾರಿ ಒತ್ತಡದಲ್ಲಿ ಕಾಯಿಸುವ ವಿಧಾನ ಅವನದು. ವಾಸ್ತುಶಿಲ್ಪಿ ಜಾನ್ ಸೋನ್ ಕೂಡ ತನ್ನ ಮನೆಗೆ ಇದನ್ನು ಹಾಕಿಸಿಕೊಂಡ. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸಾನ್ ಗಾಲಿ ಇಂದಿನ ರೇಡಿಯೇಟರ್‌ನ ಪೂರ್ವಜನನ್ನು ರೂಪಿಸಿದ.

ಆ ಕಾಲದವರಿಗೆ ನೀರಿನಲ್ಲಿ ಕಾಣುತ್ತಿದ್ದ ಶತ್ರು ಒಂದೇ: ಸುಣ್ಣ. ಲಂಡನ್ನಿನ ನೀರು ಸೀಮೆಸುಣ್ಣದ ಬಂಡೆಗಳ ನಡುವಿನಿಂದ ಬರುವ ಗಡಸು ನೀರು. ಕೊಳವೆ ಬಾವಿಯ ನೀರು ಕುಡಿಯುವ ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಪು ನೊರೆ ಬಾರದು, ಬೇಳೆ ಬೇಯದು, ಪಾತ್ರೆಯ ತಳದಲ್ಲಿ ಬಿಳಿ ಪೊರೆ. ಉಗಿಯಂತ್ರಗಳ ಬಾಯ್ಲರ್‌ನಲ್ಲಿ ಈ ಪೊರೆ ದಪ್ಪಗಾದರೆ ಬೆಂಕಿಯ ಶಾಖ ನೀರಿಗೆ ತಲುಪದು; ಕಲ್ಲಿದ್ದಲು ದಂಡವಾಗುತ್ತದೆ; ಲೋಹ ವಿಪರೀತ ಕಾದು ಮೆತ್ತಗಾಗುತ್ತದೆ. ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದ ಕಾಲ ಅದು.

ಅಬರ್ಡೀನಿನ ಮಾರಿಷಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1841ರಲ್ಲಿ ಇದಕ್ಕೊಂದು ಮದ್ದು ಹೇಳಿದ. ಸುಣ್ಣದ ನೀರಿಗೆ ಇನ್ನಷ್ಟು ಸುಣ್ಣ ಬೆರೆಸಿ ಎಂದ! ಕೇಳಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ಸರಿಯಾಗಿತ್ತು. ನೀರಿನಲ್ಲಿ ಕರಗಿದ ಸುಣ್ಣವನ್ನು ಹಿಡಿದಿಟ್ಟಿರುವುದು ಇಂಗಾಲದ ಡೈಆಕ್ಸೈಡ್. ಹೊಸದಾಗಿ ಬೆರೆಸಿದ ಸುಣ್ಣ ಆ ಅನಿಲವನ್ನು ಕಸಿದುಕೊಳ್ಳುತ್ತದೆ. ಹಳೆಯದೂ ಹೊಸದೂ ಎರಡೂ ಬಿಳಿಪುಡಿಯಾಗಿ ತಳಕ್ಕಿಳಿಯುತ್ತವೆ. ಗಡಸುತನವನ್ನು ಸೋಪಿನಿಂದ ಅಳೆಯುವ ಕ್ರಮವನ್ನೂ ಕ್ಲಾರ್ಕ್ ಕೊಟ್ಟ. ಬ್ರಿಟನ್ನಿನಲ್ಲಿ ‘ಕ್ಲಾರ್ಕ್ ಡಿಗ್ರಿ’ ಎಂಬ ಮಾಪನ ಅವನ ಹೆಸರಿನದೇ. ಮುಂದೆ 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಜಿಯೊಲೈಟ್ ಖನಿಜಗಳ ಮೂಲಕ ನೀರನ್ನು ಮೆದುಗೊಳಿಸುವ ದಾರಿ ತೋರಿದ. ಲಂಡನ್ನಿನ ನಲ್ಲಿ ನೀರು ಮಾತ್ರ ಇಂದಿಗೂ ಗಡಸಾಗಿಯೇ ಇದೆ.

ಆದರೆ ಮುಚ್ಚಿದ ಕೊಳವೆಯೊಳಗಿನ ಅಪರಾಧಿ ಸುಣ್ಣವಲ್ಲ. ಸ್ವಲ್ಪ ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. ಒಂದು ಮನೆಯ ವ್ಯವಸ್ಥೆಗೆ 100 ಲೀಟರ್ ನೀರು ಬೇಕು, ಲೀಟರಿಗೆ 280 ಮಿಲಿಗ್ರಾಂ ಸುಣ್ಣ ಇದೆ ಎಂದಿಟ್ಟುಕೊಳ್ಳಿ. ಒಟ್ಟು 28 ಗ್ರಾಂ ಆಯಿತು. ಅದು ಒಮ್ಮೆ ಪೊರೆಯಾಗಿ ಕುಳಿತರೆ ಮುಗಿಯಿತು. ಮತ್ತೆ ಬರುವುದಕ್ಕೆ ಸುಣ್ಣವೇ ಉಳಿದಿರುವುದಿಲ್ಲ. ಹಾಗಾದರೆ ಕಪ್ಪು ಮಸಿ?

ಉತ್ತರ 1785ರ ಫೆಬ್ರುವರಿಯಲ್ಲೇ ಪ್ಯಾರಿಸ್ಸಿನಲ್ಲಿ ಸಿಕ್ಕಿತ್ತು. ನೀರು ಪಂಚಭೂತಗಳಲ್ಲೊಂದು ಎಂದು ನಮ್ಮವರು ನಂಬಿದ್ದಂತೆ ಯುರೋಪಿನವರೂ ಅದನ್ನು ಒಡೆಯಲಾಗದ ಮೂಲವಸ್ತು ಎಂದೇ ತಿಳಿದಿದ್ದರು. ಲವಾಸಿಯೆ ಎಂಬ ರಸಾಯನ ವಿಜ್ಞಾನಿ, ಸೇನೆಯ ಎಂಜಿನಿಯರ್ ಮ್ಯೂನಿಯೆಯ ಜೊತೆಗೂಡಿ, ಕೆಂಪಗೆ ಕಾದ ಬಂದೂಕಿನ ನಳಿಗೆಯೊಳಗೆ ನೀರನ್ನು ತೊಟ್ಟುತೊಟ್ಟಾಗಿ ಹಾಯಿಸಿದ. ಇನ್ನೊಂದು ತುದಿಯಲ್ಲಿ ಜಲಜನಕ ಹೊರಬಂತು. ನಳಿಗೆಯ ಕಬ್ಬಿಣ ನೀರಿನ ಆಮ್ಲಜನಕವನ್ನು ಹೀರಿ ಕರಿದಾಗಿತ್ತು. ರೇಡಿಯೇಟರ್ ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ, ಆದರೆ ಬೆಂಕಿಯಿಲ್ಲದೆ ಮತ್ತು ಬಹಳ ನಿಧಾನವಾಗಿ. ಇಷ್ಟು ಕಡಿಮೆ ಶಾಖದಲ್ಲೂ ಕಬ್ಬಿಣದ ಹೈಡ್ರಾಕ್ಸೈಡ್ ಕಪ್ಪು ಆಕ್ಸೈಡ್ ಆಗಿ ಮಾರ್ಪಟ್ಟು ಜಲಜನಕ ಬಿಡುತ್ತದೆ ಎಂಬುದನ್ನು 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶಿಕೋರ್ ವಿವರಿಸಿದ. ಈ ಕಪ್ಪು ಪುಡಿಯೇ ಮ್ಯಾಗ್ನೆಟೈಟ್. ನಮ್ಮ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರಿನ ಖನಿಜವೂ ಇದೇ.

ಇಲ್ಲಿಯೂ ಲೆಕ್ಕ ಸ್ವಾರಸ್ಯಕರ. ತಣ್ಣನೆಯ ಹೊಸ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 100 ಲೀಟರಿಗೆ ಒಂದು ಗ್ರಾಂ. ಅದು ತಿನ್ನಬಲ್ಲ ಕಬ್ಬಿಣ ಮೂರು ಗ್ರಾಮಿಗೂ ಕಡಿಮೆ. ಅಷ್ಟು ತಿಂದಮೇಲೆ ನೀರಿನ ಹಸಿವು ಬಹುಮಟ್ಟಿಗೆ ಇಂಗುತ್ತದೆ. ಎಂದರೆ, ಹಳಸಿದಂತೆ ಕಾಣುವ ಹಳೆಯ ನೀರೇ ಕೊಳವೆಗೆ ಕ್ಷೇಮ. ಅಪಾಯವಿರುವುದು ಹೊಸ ನೀರಿನಲ್ಲಿ. ಎಲ್ಲೋ ಒಂದು ಸೋರಿಕೆಯಿಂದ ವಾರಕ್ಕೆ 10 ಲೀಟರ್ ಹೊಸ ನೀರು ಸೇರುತ್ತಿದ್ದರೆ, ವರ್ಷಕ್ಕೆ ಐದು ಬಾರಿ ಇಡೀ ವ್ಯವಸ್ಥೆಯ ನೀರು ಬದಲಿಸಿದಂತೆ. ಅಷ್ಟು ಆಮ್ಲಜನಕ, ಅಷ್ಟು ಸುಣ್ಣ. ಕೊಳೆಯಾಯಿತೆಂದು ಆಗಾಗ ನೀರು ಬಸಿದು ಹೊಸದು ತುಂಬುವ ಮನೆಯೊಡೆಯ ತನ್ನ ಶುಚಿತ್ವದಿಂದಲೇ ರೇಡಿಯೇಟರ್‌ಗೆ ತೂತು ಕೊರೆಯುತ್ತಿರುತ್ತಾನೆ.

ಬ್ರಿಟನ್ನಿನಲ್ಲಿ ಇದು ಮನೆಮನೆಯ ಸಮಸ್ಯೆಯಾದದ್ದು ತೀರ ಇತ್ತೀಚೆಗೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರ ಶುದ್ಧಗಾಳಿ ಕಾಯಿದೆಯ ನಂತರ ಕಲ್ಲಿದ್ದಲಿನ ಅಗ್ಗಿಷ್ಟಿಕೆಗಳು ಹಿಂದೆ ಸರಿದವು. 1970ರ ದಶಕದ ಆರಂಭಕ್ಕೆ ಮೂರನೇ ಒಂದು ಭಾಗದಷ್ಟು ಮನೆಗಳಲ್ಲಿ ಕೇಂದ್ರೀಯ ಕಾವು ಬಂದಿತ್ತು. ಹಳೆಯ ಎರಕದ ಕಬ್ಬಿಣದ ದಪ್ಪ ರೇಡಿಯೇಟರ್‌ಗಳ ಜಾಗಕ್ಕೆ ಉಕ್ಕಿನ ತೆಳು ಹಾಳೆಯವು ಬಂದವು, ಜೊತೆಗೆ ತಾಮ್ರದ ಸಪೂರ ಕೊಳವೆಗಳು. ಅಟ್ಟದ ಮೇಲೊಂದು ತೆರೆದ ತೊಟ್ಟಿ. ಜೋಡಣೆ ತಪ್ಪಿದ್ದರೆ ಪಂಪು ನೀರನ್ನು ಆ ತೊಟ್ಟಿಗೆ ಸುರಿದು ಮತ್ತೆ ಎಳೆದುಕೊಂಡು, ಪ್ರತಿ ಸುತ್ತಿಗೂ ಹೊಸ ಗಾಳಿಯನ್ನು ಒಳಗೆ ತುಂಬುತ್ತಿತ್ತು. ಜರ್ಮನಿಯಲ್ಲಿ ಇನ್ನೂ ವಿಚಿತ್ರ. ನೆಲದಡಿ ಹಾಸಿದ ಮೊದಮೊದಲ ಪ್ಲಾಸ್ಟಿಕ್ ಕೊಳವೆಗಳು ಒಂದು ಹನಿ ನೀರನ್ನೂ ಸೋರಿಸಲಿಲ್ಲ. ಆದರೆ ಅವುಗಳ ಗೋಡೆಯ ಮೂಲಕವೇ ಆಮ್ಲಜನಕ ಒಳನುಸುಳಿ ಕೆಸರು ತುಂಬಿತು. ಆಮೇಲೆ ತಡೆಪದರವಿರುವ ಕೊಳವೆಗಳು ಬಂದವು.

ರೇಡಿಯೇಟರ್ ಮೇಲೆ ತಣ್ಣಗಿದ್ದರೆ ಅನಿಲ, ಕೆಳಗೆ ನಡುಭಾಗದಲ್ಲಿ ತಣ್ಣಗಿದ್ದರೆ ಕೆಸರು. ಪಳಗಿದ ಕೆಲಸಗಾರನಿಗೆ ಅಂಗೈಯೇ ಉಷ್ಣಮಾಪಕ. ಕೆಸರನ್ನು ತೊಳೆದು ತೆಗೆದು, ಹೊಸ ನೀರಿಗೆ ತುಕ್ಕುತಡೆ ರಾಸಾಯನಿಕ ಬೆರೆಸುತ್ತಾರೆ. ನೈಟ್ರೈಟ್, ಮಾಲಿಬ್ಡೇಟ್ ಮುಂತಾದ ಲವಣಗಳು ಉಕ್ಕಿನ ಮೇಲೆ ತೆಳುಪೊರೆ ಕಟ್ಟುತ್ತವೆ. ತಾಮ್ರಕ್ಕೆ ಬೇರೆಯೇ ಮದ್ದು. ಒಂದು ರೇಡಿಯೇಟರ್ ಬದಲಿಸಲೆಂದು ನೀರು ಬಸಿದಾಗ ಮದ್ದೂ ಬಸಿದುಹೋಗುತ್ತದೆ. ಅದನ್ನು ಮತ್ತೆ ಹಾಕಲು ಮರೆಯುವುದು ಸರ್ವೇಸಾಮಾನ್ಯ. ಬ್ರಿಟನ್ನು ಈ ಬಗ್ಗೆ 1992ರಲ್ಲಿ ಒಂದು ಮಾನಕವನ್ನೇ ಪ್ರಕಟಿಸಿತು. 2019ರ ಪರಿಷ್ಕರಣೆ ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡುವಂತೆಯೂ ಕೊಳವೆಗೆ ಸೋಸುಕ ಜೋಡಿಸುವಂತೆಯೂ ಹೇಳಿತು. ಸೋಸುಕವೆಂದರೆ ಹೆಚ್ಚಾಗಿ ಒಂದು ಅಯಸ್ಕಾಂತ. ಬಿಚ್ಚಿ ನೋಡಿದರೆ ಅದಕ್ಕೆ ಮುತ್ತಿಕೊಂಡ ಕರಿ ಕೆಸರು ಮನೆಯ ರೇಡಿಯೇಟರ್‌ಗಳಿಂದ ಸವೆದ ಉಕ್ಕೇ.

2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಡ್ಡಾಯವಾದ ಹೊಸಬಗೆಯ ಬಾಯ್ಲರ್‌ಗಳು ಹೊಗೆಯಲ್ಲಿನ ಆವಿಯನ್ನೂ ತಣಿಸಿ ಅದರ ಶಾಖವನ್ನು ಹಿಂಪಡೆಯುತ್ತವೆ. ಅದಕ್ಕೆ ರೇಡಿಯೇಟರ್ ಸುತ್ತಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಕೆಸರು ಕಟ್ಟಿದ ಮನೆಯಲ್ಲಿ ಕೋಣೆ ಬೆಚ್ಚಗಾಗದು. ಮನೆಯವರು ಬಾಯ್ಲರ್‌ನ ಉಷ್ಣತೆಯನ್ನು ಏರಿಸುತ್ತಾರೆ. ಆವಿ ತಣಿಯದೆ ಚಿಮಣಿಯಿಂದ ಹೊರಗೆ ಹೋಗುತ್ತದೆ, ಅದರ ಜೊತೆಗೆ ತೆತ್ತ ಹಣವೂ.